ತವರು ಕೇಳದ ಸ್ವಾಮಿ

ನಾನು ಮುಂಗೋಪಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪಾದ್ರಿಗಳೆಂದರೆ ಶಾಂತಮೂರ್ತಿಗಳು ಎಂದು ನಂಬಿದವರು ಬಹಳ ಜನ ಇದ್ದಾರೆ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಅಷ್ಟು ವರ್ಷ ತಿದ್ದಿ ತೀಡಿದರೂ ನನ್ನ ಸಿಟ್ಟು ಮೂಗಿನ ತುದಿಯಿಂದ ಕೆಳಗೆ ಇಳಿಯಲಿಲ್ಲ. ಅದನ್ನು ಸ್ವಲ್ಪವಾದರೂ ಇಳಿಸಿದವರು ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ನಡುವಿನ ಒಂದು ಸಣ್ಣ ಹಳ್ಳಿಯ ಜನ. ಅವರಲ್ಲಿ ಅರ್ಧದಷ್ಟು ಮಂದಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನನ್ನನ್ನು ಕರಾವಳಿಯಿಂದ ಗದಗಿಗೆ ಕಳಿಸಿದರು. ಬೆಟಗೇರಿ ಕಡೆಗೆ ಒಂದು ಚರ್ಚು, ಅದರ ಬೆನ್ನಿಗೆ ಎರಡು ಕೋಣೆಯ ಮನೆ, ನನಗಿಂತ ಮೊದಲಿದ್ದವರು ಬಿಟ್ಟುಹೋದ ಒಂದು ಮೋಟರ್‌ಸೈಕಲ್, ಇಷ್ಟು ನನ್ನ ಪಾಲಿಗೆ ಬಂದದ್ದು. ಉಳಿದದ್ದೆಲ್ಲ ರಸ್ತೆ. ಭಾನುವಾರ ಬೆಳಿಗ್ಗೆ ಗದಗಿನಲ್ಲಿ ಪೂಜೆ ಮುಗಿಸಿ ಒಂದು ವಾರ ಮುಂಡರಗಿ ಕಡೆ ಹೊರಟರೆ ಇನ್ನೊಂದು ವಾರ ಲಕ್ಷ್ಮೇಶ್ವರದ ಕಡೆ. ಒಂದು ಕಡೆ ನಮ್ಮವರ ನಾಲ್ಕು ಮನೆ, ಇನ್ನೊಂದು ಕಡೆ ಹತ್ತು ಮನೆ. ಒಂದು ಹಳ್ಳಿಗೆ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಅದೇ ಹೆಚ್ಚು. ಮಳೆ ಬಿದ್ದರಂತೂ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಡಿ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಆ ಮಣ್ಣನ್ನು ಕೆದಕಲು ಪೂಜೆಯ ಪೆಟ್ಟಿಗೆಯ ಜೊತೆ ಒಂದು ಸಲಾಕೆಯನ್ನೂ ಕಟ್ಟಿಕೊಂಡು ಹೋಗುತ್ತಿದ್ದೆ.

ನಾನಿಲ್ಲದ ಭಾನುವಾರಗಳಲ್ಲಿ, ಲಕ್ಷ್ಮೇಶ್ವರ ಶಿರಹಟ್ಟಿಗಳ ನಡುವಿನ ಆ ಹಳ್ಳಿಯನ್ನು ನಡೆಸುತ್ತಿದ್ದವರು ಅಲ್ಲಿಯ ಉಪದೇಶಿ. ಹೊರಗಿನವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಗುರುಗಳಿಲ್ಲದ ಊರಿನಲ್ಲಿ ಜನರನ್ನು ಸೇರಿಸಿ ಪ್ರಾರ್ಥನೆ ಹೇಳಿಸುವವರು, ಮಕ್ಕಳಿಗೆ ಮಂತ್ರ ಕಲಿಸುವವರು, ಸತ್ತವರ ಮನೆಗೆ ಮೊದಲು ಹೋಗುವವರು ಉಪದೇಶಿ. ನಮ್ಮ ಉಪದೇಶಿಯವರು ಐವತ್ತು ದಾಟಿದ ವಿಧುರ. ಎರಡು ಎತ್ತು, ಸ್ವಲ್ಪ ಹೊಲ, ಒಂದು ಹಳೆಯ ಹಾರ್ಮೋನಿಯಂ. ಅವರು ಹಾಡುವ ಕೀರ್ತನೆಯೂ ಹಾರ್ಮೋನಿಯಮ್ಮಿನ ಸ್ವರವೂ ಒಂದನ್ನೊಂದು ಭೇಟಿಯಾದದ್ದು ಅಪರೂಪ. ಮಾತು ಕಡಿಮೆ. ನಾನು ಗದರಿದರೆ ತಲೆಯ ಮೇಲಿನ ಟವಲ್ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೇ.

ನಾನು ಬಂದ ಮೂರನೆಯ ವರ್ಷದ ಬೇಸಿಗೆಯಲ್ಲಿ ಆ ಹಳ್ಳಿಯಲ್ಲಿ ಒಂದು ಮದುವೆ ಗೊತ್ತಾಯಿತು. ಹುಡುಗಿ ತಾಯಿಯಿಲ್ಲದವಳು. ತಂದೆ ಗೌಂಡಿ ಕೆಲಸಕ್ಕೆ ಊರೂರು ತಿರುಗುವವನಾದ್ದರಿಂದ ಅವಳನ್ನು ಸಾಕಿದವಳು ಅಜ್ಜಿ, ಅಂದರೆ ತಂದೆಯ ತಾಯಿ. ಹುಡುಗ ಬೆಟಗೇರಿಯವನು, ಕೈಮಗ್ಗದ ಮುಂದೆ ಕೂತು ಸೀರೆ ನೇಯುವವನು. ಅವನ ತಂದೆ ತಾಯಿ ಇಬ್ಬರೂ ಗದಗಿನ ಚರ್ಚಿಗೆ ವಾರ ತಪ್ಪದೆ ಬರುತ್ತಿದ್ದರು. ತಾಯಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಆಕೆಯ ಹೆಸರು ನನಗೆ ಗೊತ್ತಿತ್ತು, ಆಕೆಯ ಸೊಂಟನೋವು ಗೊತ್ತಿತ್ತು, ಆಕೆ ಕೊಟ್ಟುಕಳಿಸುವ ಶೇಂಗಾ ಚಟ್ನಿಯ ರುಚಿ ಚೆನ್ನಾಗಿಯೇ ಗೊತ್ತಿತ್ತು. ಆಕೆಯ ತವರು ಯಾವುದು ಎಂದು ಮಾತ್ರ ನಾನು ಕೇಳಿರಲಿಲ್ಲ.

ನಮ್ಮಲ್ಲಿ ಮದುವೆಗೆ ಮೊದಲು ಒಂದು ಫಾರ್ಮು ತುಂಬಬೇಕು. ಜ್ಞಾನಸ್ನಾನ ಎಲ್ಲಿ ಆಯಿತು, ಒಪ್ಪಿಗೆ ಇದೆಯೇ, ಹೀಗೆ ಸಾಲುಸಾಲಾಗಿ ಪ್ರಶ್ನೆಗಳು. ಅದರ ಕೊನೆಯಲ್ಲಿ, ಹುಡುಗ ಹುಡುಗಿ ರಕ್ತಸಂಬಂಧಿಗಳೇ ಎಂಬ ಪ್ರಶ್ನೆ. ಹುಡುಗಿಯ ಫಾರ್ಮನ್ನು ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕೂತು ತುಂಬಿದೆ. ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು, ಎರೆಮಣ್ಣಿನ ನೆನಪಾಗಿ ನನಗೆ ಅವಸರ. ಉಪದೇಶಿಯವರು ಹೊಲದಲ್ಲಿದ್ದರು, ಕರೆಸಲಿಲ್ಲ. ಉಳಿದ ಪ್ರಶ್ನೆಗಳನ್ನೆಲ್ಲ ಕೇಳಿದವನು ಆ ಒಂದನ್ನು ಕೇಳಲಿಲ್ಲ. ಹುಡುಗ ಬೆಟಗೇರಿ, ಹುಡುಗಿ ಈ ಹಳ್ಳಿ, ಎರಡು ಮನೆತನದ ಹೆಸರು ಬೇರೆ, ಇನ್ನೇನು ಕೇಳುವುದು ಎಂದುಕೊಂಡು "ಇಲ್ಲ" ಎಂದು ನಾನೇ ಬರೆದೆ. ಅಜ್ಜಿ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಆಮೇಲೆ ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಕರೆ ಓದಬೇಕು. ಇಂಥವರಿಗೂ ಇಂಥವರಿಗೂ ಮದುವೆ ಗೊತ್ತಾಗಿದೆ, ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಹೇಳಬೇಕು ಎಂದು. ಗದಗಿನಲ್ಲಿ ಮೂರು ಸಲವೂ ನಾನೇ ಓದಿದೆ. ಹಳ್ಳಿಯಲ್ಲಿ ಒಂದು ಸಲ ನಾನು, ಎರಡು ಸಲ ಉಪದೇಶಿಯವರು. ಎಲ್ಲೂ ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚುವುದಿರಲಿ, ನಾನು ಅಡ್ಡಿಯ ಮಾತು ಓದಿದಾಗಲೆಲ್ಲ ಜನ ಸಂತೋಷದಿಂದ ತಲೆಯಾಡಿಸುತ್ತಿದ್ದರು. ಎಂಥ ಒಳ್ಳೆಯ ಜೋಡಿ ಎಂದು ನಾನೂ ಸಂತೋಷಪಟ್ಟೆ.

ಮದುವೆ ಗುರುವಾರ. ಅದರ ಹಿಂದಿನ ಮಂಗಳವಾರ ಶಿರಹಟ್ಟಿಯಲ್ಲಿ ಒಬ್ಬ ರೋಗಿಯನ್ನು ನೋಡಿಕೊಂಡು ಹಿಂತಿರುಗುವಾಗ ಹಳ್ಳಿಗೆ ಹೊಕ್ಕೆ. ಅಜ್ಜಿಯ ಮನೆ ಮುಂದೆ ಚಪ್ಪರ ಹಾಕಿತ್ತು. ಬೆಟಗೇರಿಯ ಬೀಗರು ಆಗಲೇ ಬಂದಿಳಿದಿದ್ದರು. ಚಪ್ಪರದಲ್ಲಿ ಹುಡುಗ ಹುಡುಗಿ ಇಬ್ಬರನ್ನೂ ಅಕ್ಕಪಕ್ಕ ಮಣೆಯ ಮೇಲೆ ಕೂರಿಸಿ ಹೆಂಗಸರು ಅರಿಶಿನ ಹಚ್ಚುತ್ತಿದ್ದರು. ಈ ಕಡೆ ಮದುವೆಗಳನ್ನು ಅಷ್ಟಿಷ್ಟು ನೋಡಿದ್ದ ನನಗೆ ವಿಚಿತ್ರವೆನಿಸಿತು. ಹುಡುಗನ ಕಡೆಯವರು ಅವನಿಗೆ ಬೇರೆ ಚಪ್ಪರದಲ್ಲಿ ಹಚ್ಚುವುದಲ್ಲವೇ ಎಂದು ಸುಮ್ಮನೆ, ಮಾತಿಗೆ ಮಾತು ಎಂಬಂತೆ ಕೇಳಿದೆ.

ಅಜ್ಜಿ ಅರಿಶಿನದ ಕೈಯಲ್ಲೇ ಇಬ್ಬರನ್ನೂ ತೋರಿಸಿದಳು. "ಇಂವ ನನ್ನ ಮಗಳ ಮಗ, ಇಕಿ ನನ್ನ ಮಗನ ಮಗಳು. ಎರಡ ಚಪ್ಪರ ಯಾಕ ಬೇಕ್ರಿ ಸ್ವಾಮ್ಯಾರ?"

ಬೆಟಗೇರಿಯ ಆ ಮುಂದಿನ ಸಾಲಿನ ಹೆಂಗಸು ಈ ಅಜ್ಜಿಯ ಮಗಳು! ಹುಡುಗಿಗೆ ಹುಡುಗ ಸೋದರತ್ತೆಯ ಮಗ. ಆ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಸಂಬಂಧ ಇನ್ನೊಂದಿಲ್ಲ. ನಮ್ಮ ಧರ್ಮಸಭೆಯ ಕಾಯ್ದೆಯಲ್ಲಿ ಮಾತ್ರ ಇಷ್ಟು ಹತ್ತಿರದ ರಕ್ತದವರಿಗೆ ಬಿಷಪ್ಪರ ಅನುಮತಿಯ ಕಾಗದವಿಲ್ಲದೆ ಮದುವೆ ಮಾಡಿಸುವಂತಿಲ್ಲ, ಮಾಡಿಸಿದರೂ ಅದು ಮದುವೆಯಲ್ಲ. ಅಡ್ಡಿ ಇದ್ದರೆ ಹೇಳಿ ಎಂದು ಎರಡು ಊರಿನಲ್ಲಿ ಮೂರು ಮೂರು ಸಲ ಕೇಳಿದ್ದೆವು. ಅಡ್ಡಿ ಎಂದರೆ ಅವರಿಗೆ ಹುಡುಗನಿಗೆ ಇನ್ನೊಬ್ಬ ಹೆಂಡತಿ ಇರುವುದೋ, ಹುಡುಗಿಗೆ ಮನಸ್ಸಿಲ್ಲದಿರುವುದೋ ಆಗಿತ್ತು. ಅತ್ತೆಯ ಮಗ ಎಂಬುದು ಅಡ್ಡಿ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಇದನ್ನೆಲ್ಲ ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಆವತ್ತು ಹಾಗಾಗಲಿಲ್ಲ. ಚಪ್ಪರದ ನಡುವೆ ನಿಂತು ಕೂಗಾಡಿದೆ. ಹಚ್ಚುವುದನ್ನು ನಿಲ್ಲಿಸಿ ಎಂದೆ, ಈ ಮದುವೆ ಆಗುವುದಿಲ್ಲ ಎಂದೆ, ನನ್ನಿಂದ ಮುಚ್ಚಿಟ್ಟಿರಿ ಎಂದೆ. ಸಂಬಂಧವಿಲ್ಲ ಎಂದು ನನಗೆ ಹೇಳಿದವರು ಯಾರು, ಮುಂದೆ ಬನ್ನಿ ಎಂದು ಕಿರುಚಿದೆ. ಯಾರೂ ಹೇಳಿರಲಿಲ್ಲ. ಆ "ಇಲ್ಲ" ನನ್ನದೇ ಅಕ್ಷರ ಎಂಬುದು ಕೂಗುತ್ತಿರುವಾಗಲೇ ನನಗೆ ನೆನಪಾಯಿತು. ನೆನಪಾದ ಮೇಲೆ ದನಿ ಇನ್ನೂ ಏರಿತು. ಸಿಟ್ಟಿನವರಿಗೆ ಇದು ಅರ್ಥವಾಗುತ್ತದೆ.

ಉಪದೇಶಿಯವರು ಚಪ್ಪರದ ಮೂಲೆಯಿಂದ ಎದ್ದುಬಂದರು. ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡರು. "ತಪ್ಪು ನಂದ್ರಿ ಸ್ವಾಮ್ಯಾರ. ನಾನು ಹೇಳಬೇಕಾಗಿತ್ತು. ಮರತೆ."

ಅವರು ಆ ದಿನ ಫಾರ್ಮು ತುಂಬುವಾಗ ಅಲ್ಲಿ ಇರಲೇ ಇಲ್ಲ. ನನಗೆ ಗೊತ್ತಿತ್ತು. ಆದರೂ ನಾನು ಆ ಮಾತನ್ನು ಬಾಚಿಕೊಂಡೆ. ಇಷ್ಟು ವರ್ಷ ಉಪದೇಶಿಯಾಗಿ ಇದೇನಾ ಕಲಿತದ್ದು ಎಂದು ಅವರ ಜನರ ಮುಂದೆಯೇ ಅವರನ್ನು ಬೈದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹುಡುಗಿ ಮಣೆಯ ಮೇಲೆ ಹಾಗೇ ಕೂತಿದ್ದಳು. ಒಂದು ಕೆನ್ನೆಗೆ ಅರಿಶಿನ ಹಚ್ಚಿತ್ತು, ಇನ್ನೊಂದಕ್ಕೆ ಹಚ್ಚಿರಲಿಲ್ಲ. ಅರಿಶಿನ ಹಚ್ಚಿದ ಮೇಲೆ ಮದುವೆ ನಿಂತ ಹುಡುಗಿಯನ್ನು ಆ ಕಡೆ ಬೇರೆ ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಅಲ್ಲಿದ್ದ ಹೆಂಗಸರ ಮುಖದಲ್ಲೇ ಇತ್ತು. ಹುಡುಗನ ತಂದೆ ನನ್ನನ್ನು ಬದಿಗೆ ಕರೆದು ಮೆತ್ತಗೆ ತಿಳಿಸಿದ. ಗುರುವಾರ ಮಧ್ಯಾಹ್ನದೊಳಗೆ ಸ್ವಾಮಿಗಳು ಮದುವೆ ಮಾಡಿಸದಿದ್ದರೆ ಹಿರಿಯರೇ ಚಪ್ಪರದಲ್ಲಿ ತಾಳಿ ಕಟ್ಟಿಸುತ್ತಾರೆ, ಹುಡುಗಿಯನ್ನು ಬಿಟ್ಟುಹೋಗುವುದಿಲ್ಲ ಎಂದ. ಅವನು ಸಜ್ಜನ. ಆದರೆ ಹಾಗೆ ಆದರೆ ಆ ಇಬ್ಬರು ನಾಳೆಯಿಂದ ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಬರುವಂತಿಲ್ಲ. ನಾನು ಮಾಡಿದ ತಪ್ಪಿಗೆ ಅವರು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಮುದುಕರಾಗಬೇಕು. ಅಜ್ಜಿ ಅಳಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. ನಮ್ಮ ಹುಡುಗಿಯ ಮದುವೆ ಗುಡಿಯೊಳಗೇ, ಎಂದರೆ ಚರ್ಚಿನೊಳಗೇ, ಆಗಬೇಕು, ಆ ಕಾಗದ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿಬನ್ನಿ ಎಂದಳು. ಹೊರಡುವ ಮುಂಚೆ ಎರಡು ರೊಟ್ಟಿ ತಿಂದು ಹೋಗಿ ಎಂದೂ ಹೇಳಿದಳು. ನಾನು ತಿನ್ನಲಿಲ್ಲ.

ಗದಗಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಿಷಪ್ಪರ ಊರಿಗೆ ಬಸ್ಸು. ಬುಧವಾರ ಬೆಳಿಗ್ಗೆ ಬಾಗಿಲಿಗೆ ಹೋಗಿ ನಿಂತರೆ ಬಿಷಪ್ಪರು ಊರಿನಲ್ಲಿಲ್ಲ. ಎಲ್ಲೋ ಹಳ್ಳಿಗೆ ಮಕ್ಕಳಿಗೆ ದೃಢೀಕರಣ ಎಂಬ ಸಂಸ್ಕಾರ ಕೊಡಲು ಹೋಗಿದ್ದಾರೆ, ಸಂಜೆಗೆ ಬರುತ್ತಾರೆ. ದಿನವಿಡೀ ಜಗಲಿಯ ಬೆಂಚಿನ ಮೇಲೆ ಕೂತೆ. ಕೂತವನು ಪ್ರಾರ್ಥನೆ ಮಾಡಿದೆನೇ ಎಂದು ಕೇಳಬೇಡಿ. ಬಿಷಪ್ಪರು ಕೇಳಿದರೆ ಏನು ಹೇಳುವುದು ಎಂದು ಉತ್ತರ ಜೋಡಿಸುತ್ತಿದ್ದೆ. ಸಂಜೆ ಅವರು ಬಂದು, ಧೂಳು ಮೆತ್ತಿದ ನಿಲುವಂಗಿಯಲ್ಲೇ ಕೂತು ನನ್ನ ಮಾತು ಕೇಳಿದರು. ಸಣ್ಣ ಸಮುದಾಯ, ಹೊರಗೆ ಹುಡುಗ ಸಿಗುವುದು ಕಷ್ಟ, ಅರಿಶಿನವಾಗಿದೆ, ಎಲ್ಲ ಹೇಳಿದೆ. ಕಾಗದ ಬರೆದು ಮುದ್ರೆ ಒತ್ತಿಸಿದರು. ಕೊಡುವ ಮುಂಚೆ, ಮೊದಲೇ ಏಕೆ ತಿಳಿಯಲಿಲ್ಲ ಎಂದು ಕೇಳಿದರು. ಉಪದೇಶಿ ಹೇಳುವುದನ್ನು ಮರೆತರಂತೆ, ಅವರೇ ಒಪ್ಪಿಕೊಂಡಿದ್ದಾರೆ ಎಂದೆ. ಅಂಥವರನ್ನು ಆ ಕೆಲಸದಲ್ಲಿ ಇಡಬಹುದೇ, ಮದುವೆ ಮುಗಿದ ಮೇಲೆ ಯೋಚಿಸಿ ನನಗೆ ಬರೆಯಿರಿ ಎಂದರು ಬಿಷಪ್ಪರು. ಆಗಲಿ ಎಂದು ಕೈಮುಗಿದು ಬಂದೆ.

ಗುರುವಾರ ಬೆಳಕು ಹರಿಯುವಾಗ ಗದಗಿನಲ್ಲಿ ಇಳಿದರೆ ಮಳೆ ಬಿದ್ದು ನಿಂತಿದೆ. ಮೋಟರ್‌ಸೈಕಲ್ ಆ ದಾರಿಯಲ್ಲಿ ಹೋಗುವ ಮಾತೇ ಇಲ್ಲ. ಮಾರ್ಕೆಟ್ಟಿಗೆ ಓಡಿದೆ. ಲಕ್ಷ್ಮೇಶ್ವರದ ಒಬ್ಬ ಸಾಹೇಬರು ಉಳ್ಳಾಗಡ್ಡಿ ಇಳಿಸಿ ಖಾಲಿ ಲಾರಿಯಲ್ಲಿ ಹಿಂತಿರುಗುವವರಿದ್ದರು. ಮುಖಪರಿಚಯ ಮಾತ್ರ. ಹತ್ತಿಸಿಕೊಂಡರು. ದಾರಿಯಲ್ಲಿ ಕತೆಯನ್ನೆಲ್ಲ ಕೇಳಿ, ನಮ್ಮಲ್ಲೂ ಸೋದರಮಾವನ ಮಗಳನ್ನು ತರುತ್ತೇವೆ, ನಾನೂ ತಂದಿದ್ದೇನೆ, ಇದಕ್ಕೆ ಕಾಗದ ಬೇಕೆಂದು ಇವತ್ತೇ ಕೇಳಿದ್ದು ಎಂದರು. ನಗಲಿಲ್ಲ ಪಾಪ, ನಗು ತಡೆದುಕೊಂಡದ್ದು ಕಾಣುತ್ತಿತ್ತು. ನನ್ನ ಸಲುವಾಗಿ ತಮ್ಮ ದಾರಿ ಬಿಟ್ಟು ಹಳ್ಳಿಯ ಕ್ರಾಸಿನವರೆಗೂ ಬಂದು ಇಳಿಸಿದರು.

ಕ್ರಾಸಿನಲ್ಲಿ ಚಕ್ಕಡಿ ಹೂಡಿಕೊಂಡು ಉಪದೇಶಿಯವರು ನಿಂತಿದ್ದರು. ನಾನು ಯಾವ ಗಾಡಿಗೆ ಬರುತ್ತೇನೋ ಗೊತ್ತಿಲ್ಲದೆ, ಕೋಳಿ ಕೂಗುವ ಮೊದಲೇ ಬಂದು ಕಾಯುತ್ತಿದ್ದರು. ಕಾಗದ ಸಿಕ್ಕಿತೇ ಎಂದರು. ಸಿಕ್ಕಿತು ಎಂದೆ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಎತ್ತುಗಳನ್ನು ಹೊಡೆದರು. ಬಿಷಪ್ಪರು ಏನೆಂದರು ಎಂದು ಕೇಳಲಿಲ್ಲ. ಆ ಎರಡು ಮೈಲಿ ದಾರಿಯಲ್ಲಿ ನಾನು ಹತ್ತು ಸಲ ಬಾಯಿ ತೆರೆಯಬಹುದಿತ್ತು. ಯಾವ ಕೀರ್ತನೆ ಮೊದಲು, ಯಾವುದು ಆಮೇಲೆ ಎಂದು ಅವರು ಹೇಳುತ್ತಿದ್ದರು, ನಾನು ಹ್ಞೂಂಗುಟ್ಟುತ್ತಿದ್ದೆ.

ಗುಡಿ ಎಂದರೆ ಹೆಂಚಿನ ಮಾಡಿನ ಒಂದು ಕೋಣೆ. ತುಂಬಿ ಹೊರಗೂ ಜನ ನಿಂತಿದ್ದರು, ಪಕ್ಕದ ಓಣಿಯ ಲಿಂಗಾಯತರು, ಮುಸಲ್ಮಾನರು ಎಲ್ಲರೂ. ಹುಡುಗಿಯ ಎರಡೂ ಕೆನ್ನೆ ಹಳದಿಯಾಗಿದ್ದವು. ನಾನು ಕಾಗದವನ್ನು ಎತ್ತಿ ತೋರಿಸಿ, ಅಡ್ಡಿ ಹೋಯಿತು ಎಂದು ಹೇಳಿ ಪೂಜೆ ಶುರುಮಾಡಿದೆ. ನಮ್ಮ ಪೂಜೆಯ ಮೊದಲಿಗೇ, ತಪ್ಪು ನನ್ನದು ಎಂದು ಎಲ್ಲರೂ ಎದೆ ಬಡಿದುಕೊಂಡು ಹೇಳುವ ಪ್ರಾರ್ಥನೆ ಬರುತ್ತದೆ. ಸಾವಿರಾರು ಸಲ ಹೇಳಿದ್ದೆ. ಆವತ್ತು ಎದೆಯ ಮೇಲೆ ಕೈ ಇಟ್ಟವನಿಗೆ ಮುಂದಿನ ಮಾತು ಬರಲಿಲ್ಲ. ಎದುರಿಗೆ ಹಾರ್ಮೋನಿಯಮ್ಮಿನ ಹಿಂದೆ ಉಪದೇಶಿಯವರು ತಮ್ಮ ಎದೆ ಬಡಿದುಕೊಳ್ಳುತ್ತಿದ್ದರು.

ಪುಸ್ತಕ ಮುಚ್ಚಿದೆ. ಜನರ ಕಡೆ ನೋಡಿ ಹೇಳಿದೆ: ಸಂಬಂಧವಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ, ಕೇಳದೆ ನಾನೇ ಬರೆದೆ. ಉಪದೇಶಿಯವರ ತಪ್ಪು ಏನೂ ಇಲ್ಲ. ಅವರು ನನ್ನನ್ನು ಉಳಿಸಲು ಸುಳ್ಳು ಹೇಳಿದರು, ನಾನು ನನ್ನನ್ನು ಉಳಿಸಿಕೊಳ್ಳಲು ಅದನ್ನು ಬಿಷಪ್ಪರವರೆಗೂ ಒಯ್ದೆ. ನನ್ನನ್ನು ಕ್ಷಮಿಸಿ.

ಮುಂದಿನ ಸಾಲಿನಿಂದ ಅಜ್ಜಿ, ಕೂತಲ್ಲಿಂದಲೇ, ಮನೆಯಲ್ಲಿ ಮಾತಾಡಿದ ಹಾಗೆ ಹೇಳಿದಳು: "ಗೊತ್ತೈತ್ರಿ. ನೀವು ಬರಿಯೋವಾಗ ನಾನು ಎದುರಿಗೇ ಕುಂತಿದ್ನೆಲ್ಲ. ಎಲ್ಲಾರಿಗೂ ಗೊತ್ತೈತಿ. ಈಗ ಮದುವಿ ಮಾಡ್ರಿ, ಹೊತ್ತಾತು."

ಎಲ್ಲರಿಗೂ ಗೊತ್ತಿತ್ತು. ಮಂಗಳವಾರ ನಾನು ಚಪ್ಪರದಲ್ಲಿ ಕುಣಿದಾಡುವಾಗಲೇ ಗೊತ್ತಿತ್ತು. ನೀನೇ ಬರೆದದ್ದಲ್ಲವೇ ಎಂದು ಒಬ್ಬರಾದರೂ ನನ್ನ ಮುಖಕ್ಕೆ ಹೇಳಬಹುದಿತ್ತು. ಹೇಳಲಿಲ್ಲ. ಎರಡು ರೊಟ್ಟಿ ತಿಂದು ಹೋಗಿ ಎಂದಿದ್ದರು. ನಾನು ತಾಳಿಯನ್ನು ಆಶೀರ್ವದಿಸಿ ಹುಡುಗನ ಕೈಗೆ ಕೊಟ್ಟೆ. ಅಕ್ಕಿಕಾಳು ಬೀಳುತ್ತಿದ್ದಂತೆ ಉಪದೇಶಿಯವರು ಮೊದಲೇ ಹೇಳಿದ್ದ ಕೀರ್ತನೆ ಬಿಟ್ಟು ಬೇರೆ ಯಾವುದನ್ನೋ ಎತ್ತಿಕೊಂಡರು, ಅದೂ ತಪ್ಪು ಸ್ವರದಲ್ಲಿ. ಅಷ್ಟು ಚೆಂದದ ಹಾಡನ್ನು ನಾನು ಕೇಳಿಲ್ಲ.

ಮಧ್ಯಾಹ್ನ ಗೋದಿ ಹುಗ್ಗಿ ಉಂಡು ಎಲ್ಲರೂ ಅಡ್ಡಾದ ಮೇಲೆ, ಗುಡಿಯ ಕಟ್ಟೆಯ ಮೇಲೆ ಕೂತು ಬಿಷಪ್ಪರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಉಪದೇಶಿಯವರು ಪಕ್ಕದಲ್ಲಿ ಬಂದು ಕೂತರು. ಏಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ನನಗಿಂತ ಹಿಂದೆ ಒಬ್ಬ ಸ್ವಾಮಿಗಳಿದ್ದರಂತೆ. ಊರವರ ಜೊತೆ ಯಾವುದೋ ಮಾತಿಗೆ ಜಗಳವಾಗಿ, ಜನರೂ ತಿರುಗಿ ಮಾತಾಡಿ, ಅವರು ಮುನಿಸಿಕೊಂಡು ಹೋದವರು ಮತ್ತೆ ಬರಲಿಲ್ಲವಂತೆ. ಒಂದೂವರೆ ವರ್ಷ ಈ ಕಡೆ ಯಾರೂ ಬರಲಿಲ್ಲ.

"ಆಗ ನನ್ನ ಹೆಂಡತಿ ತೀರಿಕೊಂಡ್ಳ್ರಿ. ಸ್ವಾಮ್ಯಾರ್ನ ಕರೀರಿ, ಕರೀರಿ ಅಂತಿದ್ಲು. ಯಾರ್ನ ಕರೀಲಿ? ನಾನಽ ಪ್ರಾರ್ಥನಿ ಹೇಳಿ ಮಣ್ಣು ಕೊಟ್ಟೆ. ಮೊನ್ನೆ ಮಂದಿ ನಿಮಗ ತಿರುಗಿ ಅಂದಿದ್ರ ನೀವೂ ಹೋಗ್ತಿದ್ರಿ. ಅದಕ್ಕಽ ಹಂಗಂದೆ."

ಅವರ ಕೈ ಹಿಡಿದುಕೊಂಡು ಕೂತೆ. ನಾನು ಹೋಗುತ್ತಿದ್ದೆ ಎಂಬುದು ಖರೆ. ಮಂಗಳವಾರ ಗದಗಿಗೆ ಬರುವ ದಾರಿಯಲ್ಲಿ, ಈ ಜನರ ಸಹವಾಸ ಸಾಕು, ಬಿಷಪ್ಪರಿಗೆ ವರ್ಗಾವಣೆ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಅರ್ಜಿ ಬರೆದಾಗಿತ್ತು.

ಆ ಮೇಲೆ ಎರಡು ಸಲ ವರ್ಗಾವಣೆ ಬಂತು. ಎರಡು ಸಲವೂ ಹೋಗಿ ಬಿಷಪ್ಪರ ಕಾಲು ಹಿಡಿದು ಇಲ್ಲೇ ಉಳಿದೆ. ಹೊಸ ಮನೆಗೆ ಹೋದರೆ ಹೆಂಗಸರ ತವರು ಯಾವುದೆಂದು ಮೊದಲು ಕೇಳುವುದನ್ನು ಕಲಿತೆ. ಕೇಳಿದರೆ ಅವರ ಮುಖ ಅರಳುತ್ತದೆ, ಮತ್ತೆ ಒಂದು ಗಂಟೆ ನಾವು ಮಾತಾಡಬೇಕಾಗಿಲ್ಲ. ಸಿಟ್ಟು ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ನನ್ನನ್ನು ತಮ್ಮವನೆಂದು ಇಟ್ಟುಕೊಂಡ ಆ ಜನರನ್ನು ನೆನೆಯದೆ ನಾನು ಒಂದು ದಿನವೂ ಪೂಜೆ ಮಾಡಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಮುಂಡರಗಿಯಲ್ಲಿದ್ದಾಗ ಖಬರು ಬಂತು, ಉಪದೇಶಿಯವರು ಹಾಸಿಗೆ ಹಿಡಿದಿದ್ದಾರೆ, ಕರೆಯುತ್ತಿದ್ದಾರೆ ಎಂದು. ಹೋದೆ. ಮೂರು ದಿನ ಅವರ ಮನೆಯ ಪಡಸಾಲೆಯಲ್ಲೇ ಮಲಗಿದೆ. ಕೊನೆಗಾಲದ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥನೆ ಹೇಳಿದೆ, ಪ್ರಸಾದ ಕೊಟ್ಟೆ. ನಾಲ್ಕನೆಯ ದಿನ ಅವರನ್ನು ಹೆಂಡತಿಯ ಪಕ್ಕದಲ್ಲಿ ಮಲಗಿಸಿ ಮೊದಲ ಹಿಡಿ ಮಣ್ಣು ನಾನು ಹಾಕಿದೆ. ಆಮೇಲೆ ಅವರ ಹೆಂಡತಿಯ ಗೋರಿಯ ಕಡೆ ತಿರುಗಿ, ಆಕೆಗೆ ಯಾವ ಸ್ವಾಮಿಯೂ ಹೇಳದೆ ಉಳಿದಿದ್ದ ಪ್ರಾರ್ಥನೆಯನ್ನೂ ಹೇಳಿದೆ.